ಅಂಚೆಯಲ್ಲಿ ಬಂದ ಹಸಿರು ದಿನ

ಲಾ ಪಲ್ಮಿತಾ, ತೊಲಿಮಾ
14 ಫೆಬ್ರವರಿ 1979

ಪ್ರೀತಿಯ ಕೊಮಾದ್ರೆ ಅಂಪಾರೊ,

ನೀವು ಊರು ಬಿಟ್ಟು ಐದು ವಾರವಾಯಿತು. ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡಿ. ಮೊದಲಾದರೆ ಬೇಲಿಯ ಹತ್ತಿರ ನಿಂತು ಒಂದು ಕೂಗು ಹಾಕಿದರೆ ಆಗುತ್ತಿತ್ತು. ಈಗ ಮಕ್ಕಳ ಕೈಯಿಂದ ಪೆನ್ನು ಕಸಿದುಕೊಂಡು, ಅಕ್ಷರ ತಪ್ಪಿದರೆ ನೀವು ನಗುತ್ತೀರೆಂದು ಹೆದರಿಕೊಂಡು ಬರೆಯಬೇಕು. ಯಾನೆತ್ ದಿನಾ ನಿಮ್ಮ ಖಾಲಿ ಮನೆಯ ಬಾಗಿಲಿಗೆ ಹೋಗಿ ಬಡಿಯುತ್ತಾಳೆ. ಚರ್ಚಿನಲ್ಲಿ ಅವಳನ್ನು ಎತ್ತಿ ಹಿಡಿದ ದಿನದಿಂದ ನೀವು ಅವಳಿಗೆ ಜ್ಞಾನತಾಯಿ, ನನಗೆ ಕೊಮಾದ್ರೆ. ಆ ಜ್ಞಾನತಾಯಿ ಪಟ್ಟಣಕ್ಕೆ ಹೋದಳೆಂದು ಎರಡು ವರ್ಷದ ಕೂಸಿಗೆ ಹೇಗೆ ತಿಳಿಸಲಿ?

ಜನವರಿಯ ಕಾರ್ಡು ಇದರ ಜೊತೆ ಇದೆ. ನೀವು ಕಲಿಸಿದಂತೆಯೇ ಅಂಟಿಸಿದ್ದೇನೆ. ಮುಟ್ಟಿನ ದಿನಕ್ಕೆ ಕೆಂಪು ಚೀಟಿ, ಒಣ ದಿನಕ್ಕೆ ಹಸಿರು, ತೇವ ಕಂಡ, ಗರ್ಭ ನಿಲ್ಲಬಹುದಾದ ದಿನಕ್ಕೆ ಮಗುವಿನ ಚಿತ್ರವಿರುವ ಬಿಳಿ. ಬಿಳಿ ಮುಗಿದ ಮೇಲೂ ಮೂರು ದಿನ ಕಾದಿದ್ದೇವೆ. ತಿಂಗಳ ಕೊನೆಗೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಬೇಕೆಂದಿದ್ದಿರಲ್ಲ, ಕೆಳಗಡೆ ನನ್ನ ಸಹಿಯ ಪಕ್ಕದಲ್ಲಿರುವ ಮಸಿ ಎವೆಲಿಯೊನ ಹೆಬ್ಬೆಟ್ಟು. ಬಿಳಿ ದಿನಗಳಲ್ಲಿ ಅವನು ಕಾಫಿ ಒಣಗಿಸುವ ಅಟ್ಟದಲ್ಲಿ ಮಲಗುತ್ತಾನೆ. "ಈ ಕಾಗದದ ಮಗು ನನ್ನನ್ನ ನನ್ನ ಹಾಸಿಗೆಯಿಂದಲೇ ಓಡಿಸ್ತಲ್ಲೇ" ಅಂತ ಗೊಣಗುತ್ತಾನೆ, ಆದರೂ ಹೋಗುತ್ತಾನೆ.

ಆರೋಗ್ಯಕೇಂದ್ರದ ನರ್ಸ್ ಫಾನಿ ಮತ್ತೆ ದಾರಿಯಲ್ಲಿ ತಡೆದಳು. ಯಾನೆತ್ ಹುಟ್ಟಿದಾಗ ನನ್ನನ್ನು ಜೋಲಿಯಲ್ಲಿ ರಸ್ತೆಯವರೆಗೆ ಹೊತ್ತುಕೊಂಡು ಹೋದದ್ದನ್ನು ಅವಳು ಮರೆತಿಲ್ಲ. "ಐದನೇದು ಅಂದ್ರೆ ರಕ್ತ ನಿಲ್ಸಕ್ಕೆ ನನ್ನ ಕೈಲಾಗಲ್ಲ ರೊಸಲ್ಬಾ. ಗರ್ಭ ನಿಲ್ಲದ ಹಾಗೆ ಒಳಗೆ ವಂಕಿ ಹಾಕ್ತೀನಿ ಬಾ, ಹತ್ತು ನಿಮಿಷದ ಕೆಲಸ" ಎಂದಳು. ನಾನು ನಿಮ್ಮ ಮಾತನ್ನೇ ಹೇಳಿದೆ, ಒಳಗೆ ಬಂದ ಜೀವವನ್ನು ಕೊಕ್ಕೆ ಹಾಕಿ ಆಚೆ ತಳ್ಳುವ ಕೆಲಸ ನನ್ನಿಂದಾಗದು ಎಂದು. ಅವಳು ತಲೆ ಅಲ್ಲಾಡಿಸಿಕೊಂಡು ಹೋದಳು.

ಕಾರ್ಡು ನೋಡಿ ಬೇಗ ಬರೆಯಿರಿ. ನೀವು ಸರಿ ಎನ್ನುವವರೆಗೆ ನನಗೆ ನಿದ್ದೆ ಹತ್ತುವುದಿಲ್ಲ.

ನಿಮ್ಮ ಕೊಮಾದ್ರೆ
ರೊಸಲ್ಬಾ


ಸಾಂತಾ ಬೆನೀತಾ
2 ಮಾರ್ಚ್ 1979

ಪ್ರೀತಿಯ ಕೊಮಾದ್ರೆ ರೊಸಲ್ಬಾ,

ನಿಮ್ಮ ಕಾಗದ ಬಂದಾಗ ಈ ಪಟ್ಟಣದಲ್ಲಿ ಮೊದಲ ಸಲ ನಕ್ಕೆ. ಇಲ್ಲಿ ಪಕ್ಕದ ಮನೆಯವಳು ನಾನು ಬೆಳಗ್ಗೆ ನಮಸ್ಕಾರ ಹೇಳಿದರೆ ಕಳ್ಳಿಯನ್ನು ಕಂಡವಳಂತೆ ಬಾಗಿಲು ಹಾಕಿಕೊಳ್ಳುತ್ತಾಳೆ. ಎರ್ನಾಂದೊ ಮಾತ್ರ ಹೊಸ ಶಾಲೆಯಲ್ಲಿ ಹೆಡ್‌ಮಾಸ್ಟರ್ ಆಗಿ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದಾನೆ. ಪಾದ್ರಿಗಳ ಶಾಲೆ, ಇಸ್ತ್ರಿ ಇಲ್ಲದ ಅಂಗಿ ನಡೆಯುವುದಿಲ್ಲ. ಅಂದರೆ ನನ್ನ ಕೆಲಸ ಎರಡು ಪಟ್ಟಾಯಿತು.

ಕಾರ್ಡು ಚೆನ್ನಾಗಿದೆ. ಒಂಬತ್ತನೆಯ ಚೀಟಿ ಓರೆಯಾಗಿದೆ. ದೇವರಿಗೆ ಅದರಿಂದ ತೊಂದರೆ ಇಲ್ಲ, ನನಗಿದೆ. ಕೊಂಪಾದ್ರೆ ಎವೆಲಿಯೊಗೆ ನನ್ನ ಶಹಬ್ಬಾಸ್ ತಿಳಿಸಿ. ಅಟ್ಟದಲ್ಲಿ ಮಲಗುವ ಗಂಡಸು ಸಂತನಿಗೆ ಒಂದೇ ಮೆಟ್ಟಿಲು ಕೆಳಗಿರುತ್ತಾನೆ.

ಫಾನಿಗೆ ನೀವು ಕೊಟ್ಟ ಉತ್ತರ ಓದಿ ಕಣ್ಣು ತುಂಬಿತು. ಹೆದರಬೇಡಿ. ನಮ್ಮನ್ನೇ ನೋಡಿ, ಎಂಟು ವರ್ಷದಿಂದ ಎರಡೇ ಮಕ್ಕಳು. ಇದು ಮಾತ್ರೆಯ ಮಹಿಮೆಯಲ್ಲ, ಗಂಡಹೆಂಡಿರ ಸಂಯಮ ಎಂದು ಫಾದರ್ ತೊಬಿಯಾಸ್ ಪ್ರವಚನದಲ್ಲಿ ನಮ್ಮ ಹೆಸರು ಹಿಡಿದೇ ಹೇಳಿದರಲ್ಲ. ಎರ್ನಾಂದೊ ಅಂದು ಕಿವಿಯವರೆಗೆ ಕೆಂಪಾಗಿದ್ದ.

ಇನ್ನೊಂದು ಮಾತು. ನಾನು ಹೆಂಗಸರಿಗೆ ಈ ಕಾರ್ಡಿನ ಪಾಠ ಹೇಳುತ್ತಿದ್ದ ಶನಿವಾರದ ತರಗತಿ ನಿಲ್ಲಬಾರದು. ಫಾದರ್‌ಗೆ ನಿಮ್ಮ ಹೆಸರು ಬರೆದಿದ್ದೇನೆ. ನನ್ನಿಂದಾಗುತ್ತದೆಯೇ ಎಂದು ಕೇಳಬೇಡಿ, ಆಗುತ್ತದೆ. ಖಾಲಿ ಕಾರ್ಡು, ಚೀಟಿ ಎಲ್ಲ ಫಾದರ್ ಮನೆಯಲ್ಲಿವೆ. ಚರ್ಚಿನ ಪೂಜಾವಸ್ತ್ರದ ಕೋಣೆಯಲ್ಲಿ ನನ್ನ ಮರದ ಪೆಟ್ಟಿಗೆಯೊಂದಿದೆ, ಅದರಲ್ಲಿ ಹಳೆಯ ಕಾಗದಪತ್ರ ಮಾತ್ರ, ಅದನ್ನು ತೆಗೆಯುವ ಅಗತ್ಯವಿಲ್ಲ.

ಯಾನೆತ್‌ಗೆ ನೂರು ಮುತ್ತು.

ಅಂಪಾರೊ


ಲಾ ಪಲ್ಮಿತಾ
17 ಏಪ್ರಿಲ್ 1979

ಪ್ರೀತಿಯ ಕೊಮಾದ್ರೆ,

ನಾನು ಟೀಚರಾದೆ. ಹನ್ನೊಂದು ಜನ ಬರುತ್ತಾರೆ. ಮೊದಲ ದಿನ ಕೈ ಜಾರಿ ಚೀಟಿಯೆಲ್ಲ ನೆಲಕ್ಕೆ ಬಿದ್ದವು. ಒಂಬತ್ತು ಹೆತ್ತ ದೋನ್ಯಾ ಕುಸ್ತೋದಿಯಾ ಅವನ್ನು ಹೆಕ್ಕಿಕೊಡುತ್ತಾ, "ನೀನೇನೋ ಬಣ್ಣಬಣ್ಣದ್ದು ಅಂಟಿಸು ಅಂತೀಯ ತಾಯಿ. ನನ್ನ ಗಂಡನಿಗೆ ದೀಪ ಆರಿದ್ರೆ ಎಲ್ಲಾ ಹಸಿರೇ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಪಾಠ ಸಲೀಸಾಗಿ ನಡೆಯಿತು. ನಿಮ್ಮ ದನಿ ನನ್ನ ಬಾಯಲ್ಲಿ ಬರುತ್ತಿದೆ ಎಂದು ಅವರೇ ಹೇಳುತ್ತಾರೆ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ?

ಈಗ ನನ್ನದೇ ಕಷ್ಟ. ಪವಿತ್ರ ವಾರದಲ್ಲಿ ನನಗೆ ಐದು ದಿನ ಜ್ವರ. ಜ್ವರ ಬಿಟ್ಟಿತು, ತೇವ ಮಾತ್ರ ನಿಲ್ಲುತ್ತಿಲ್ಲ. ತುಸುವೇ ತುಸು, ಬಂದರೂ ಬಂತು, ಇಲ್ಲದಿದ್ದರೂ ಇಲ್ಲ ಅನ್ನುವಷ್ಟು. ಬಿಳಿ ಚೀಟಿಯನ್ನೇ ಅಂಟಿಸುತ್ತಾ ಹೋಗಿದ್ದೇನೆ, ಕಾರ್ಡಿನ ತುಂಬ ಮಕ್ಕಳು ಸಾಲಾಗಿ ಕೂತಿದ್ದಾರೆ. ಎವೆಲಿಯೊ ಅಟ್ಟ ಹತ್ತಿ ಇಪ್ಪತ್ತು ದಿನವಾಯಿತು. ಊಟಕ್ಕೆ ಕೂತಾಗ ಅವನ ಮುಖ ನೋಡಲಾಗುವುದಿಲ್ಲ.

ಇದು ನಿಜವಾದ ಬಿಳಿಯೋ, ಜ್ವರದ ಉಳಿಕೆಯೋ? ನನಗೆ ತಿಳಿಯುತ್ತಿಲ್ಲ. ತಪ್ಪಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ನಿಮಗೆ ಎಂದಾದರೂ ಹೀಗಾಗಿದೆಯೇ? ಕಾರ್ಡು ಕಳಿಸಿದ್ದೇನೆ. ಬಸ್ಸಿನ ಡ್ರೈವರ್ ಕೈಗೇ ಉತ್ತರ ಕೊಡಿ, ಬೇಗ ಬರುತ್ತದೆ.

ರೊಸಲ್ಬಾ


ಸಾಂತಾ ಬೆನೀತಾ
26 ಏಪ್ರಿಲ್ 1979

ಪ್ರೀತಿಯ ಕೊಮಾದ್ರೆ,

ಡ್ರೈವರ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಚುಟುಕಾಗಿ ಬರೆಯುತ್ತೇನೆ.

ಇದು ಜ್ವರದ ಉಳಿಕೆ, ಅನುಮಾನವೇ ಬೇಡ. ನನಗೂ ಹೀಗೆ ಆಗಿತ್ತು, ಅದೂ ಎರಡು ಸಲ. ಕಳೆದ ವರ್ಷ ನನಗೆ ಚಳಿಜ್ವರ ಬಂದಿತ್ತಲ್ಲ, ಆಗ ನಾನು ಇಂಥ ದಿನಗಳಿಗೆ ಹಸಿರೇ ಅಂಟಿಸಿದೆ, ಏನೂ ಆಗಲಿಲ್ಲ. ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ನೀವೂ ಹಸಿರು ಅಂಟಿಸಿ, ಆ ಪಾಪದ ಮನುಷ್ಯನನ್ನು ಅಟ್ಟದಿಂದ ಇಳಿಸಿ. ಅತಿ ಹೆದರಿಕೆಯೂ ದೇವರಲ್ಲಿ ಅಪನಂಬಿಕೆಯೇ.

ಅಂಪಾರೊ


ಲಾ ಪಲ್ಮಿತಾ
23 ಜುಲೈ 1979

ಕೊಮಾದ್ರೆ,

ಮೂರು ತಿಂಗಳಿಂದ ಕಾರ್ಡು ಬಂದಿಲ್ಲವೇಕೆ ಎಂದು ನೀವು ಎರಡು ಸಲ ಕೇಳಿ ಬರೆದಿರಿ. ಕಾರ್ಡಿನಲ್ಲಿ ಅಂಟಿಸಲು ಏನೂ ಇಲ್ಲ. ಕೆಂಪು ಚೀಟಿ ಬೇಕಾಗಲೇ ಇಲ್ಲ.

ಮೊದಲು ಜ್ವರದ ನಿಶ್ಶಕ್ತಿ ಅಂದುಕೊಂಡೆ. ಈಗ ಅನುಮಾನವಿಲ್ಲ. ಫಾನಿ ಹೊಟ್ಟೆ ಮುಟ್ಟಿ ನೋಡಿದಳು. ಬೈಯುತ್ತಾಳೆಂದು ಕಾದಿದ್ದೆ, ಬೈಯಲಿಲ್ಲ, ಕೈ ತೊಳೆದುಕೊಂಡು ದಿನ ಲೆಕ್ಕ ಹಾಕಿದಳು. ಹೆರಿಗೆ ಜನವರಿ ಕೊನೆಗೆ ಅಂತೆ. ಎವೆಲಿಯೊ ನನ್ನ ಎದುರು ನಗುತ್ತಾನೆ, ಹಿತ್ತಲಲ್ಲಿ ಒಬ್ಬನೇ ಕೂತು ಅಳುವುದನ್ನು ದೊಡ್ಡ ಮಗ ನೋಡಿದ್ದಾನೆ.

ನನಗೆ ಹೆದರಿಕೆಯಾಗುತ್ತಿದೆ ಕೊಮಾದ್ರೆ. ಸಾಯುವುದಕ್ಕಲ್ಲ, ನಾಲ್ಕು ಮಕ್ಕಳನ್ನು ಬಿಟ್ಟು ಹೋಗುವುದಕ್ಕೆ. ನನಗಾಗಿ ಪ್ರಾರ್ಥಿಸಿ.

ರೊಸಲ್ಬಾ


ಸಾಂತಾ ಬೆನೀತಾ
6 ಆಗಸ್ಟ್ 1979

ರೊಸಲ್ಬಾ,

ನಿನ್ನ ಕಾಗದ ನೋಡಿ ಎರಡು ದಿನ ಊಟ ಸೇರಲಿಲ್ಲ. ಬೇಸರಪಟ್ಟುಕೊಳ್ಳಬೇಡ, ನೇರವಾಗಿ ಕೇಳುತ್ತೇನೆ. ನನ್ನಿಂದ ಏನು ಮುಚ್ಚಿಟ್ಟಿದ್ದೀಯ? ಇಪ್ಪತ್ತು ದಿನ ಎವೆಲಿಯೊ ಅಟ್ಟದಲ್ಲೇ ಇದ್ದ ಎನ್ನುವುದನ್ನು ನಾನು ನಂಬಿದೆ. ಗಂಡಸರು ಶನಿವಾರ ಸಂಜೆ ಕುಡಿದು ಬಂದಾಗ ಅಟ್ಟದ ಏಣಿ ಕಾಣಿಸುವುದಿಲ್ಲ, ಮಾರನೆಯ ದಿನ ಹೆಂಡತಿ ನಾಚಿಕೊಂಡು ಬಾಯಿಮುಚ್ಚಿಕೊಳ್ಳುತ್ತಾಳೆ. ಇಂಥದ್ದು ಎಷ್ಟು ನೋಡಿಲ್ಲ ನಾನು? ಈ ವಿಧಾನ ತಪ್ಪುವುದಿಲ್ಲ, ತಪ್ಪುವವರು ಜನ. ನಿನ್ನ ಮನಸ್ಸಾಕ್ಷಿಯನ್ನೇ ಕೇಳಿಕೋ.

ಶನಿವಾರದ ತರಗತಿಯನ್ನು ಸದ್ಯಕ್ಕೆ ಬಿಡು. ಹೊಟ್ಟೆ ಮುಂದಿಟ್ಟುಕೊಂಡು ಈ ಪಾಠ ಹೇಳಿದರೆ ಕುಸ್ತೋದಿಯಾಳಂಥವರ ಬಾಯಿಗೆ ಆಹಾರವಾಗುತ್ತೀಯ, ಪಾಠವೂ ಹಾಳಾಗುತ್ತದೆ. ಫಾದರ್‌ಗೆ ಬೇರೆಯವರನ್ನು ನೋಡಲು ಬರೆದಿದ್ದೇನೆ.

ಇಲ್ಲಿ ಧರ್ಮಾಧ್ಯಕ್ಷರ ಕಚೇರಿಯವರು ಈ ವಿಧಾನದ ಬಗ್ಗೆ ಒಂದು ಕೈಪಿಡಿ ಅಚ್ಚು ಹಾಕುತ್ತಿದ್ದಾರೆ. ಬರೆಯುವ ಕೆಲಸ ನನಗೇ ಒಪ್ಪಿಸಿದ್ದಾರೆ. ಅದಕ್ಕೆ ನನ್ನ ಮರದ ಪೆಟ್ಟಿಗೆ ಬೇಕು. ತೆಗೆಯಬೇಡ, ಹಗ್ಗ ಬಿಗಿದು ಹಾಗೇ ಬಸ್ಸಿಗೆ ಹಾಕಿಸು.

ಕೂಸಿಗೆ ಉಣ್ಣೆ ನೂಲು ಕಳಿಸಿದ್ದೇನೆ. ಒಂಬತ್ತು ದಿನದ ಪ್ರಾರ್ಥನೆ ಶುರುಮಾಡಿದ್ದೇನೆ.

ಅಂಪಾರೊ


ಲಾ ಪಲ್ಮಿತಾ
2 ಸೆಪ್ಟೆಂಬರ್ 1979

ಕೊಮಾದ್ರೆ,

ಯಾನೆತ್‌ಳ ಜ್ಞಾನಸ್ನಾನದ ದಿನದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ನೀವು ಎನ್ನುತ್ತಾ ಬಂದಿದ್ದೇವೆ. ಕೊಮಾದ್ರೆಯರು ಹಾಗೆಯೇ ಇರಬೇಕು. ಕಳೆದ ಕಾಗದದಲ್ಲಿ ನೀವು ಅದನ್ನು ಮರೆತಿರಿ. ಆಗಲಿ, ಸಿಟ್ಟಿನಲ್ಲಿ ಬರೆದಿರಿ ಅಂದುಕೊಂಡೆ. ನೀವೇ ಹೇಳಿದ ಮೇಲೆ ನನ್ನದೇ ಏನೋ ತಪ್ಪಿರಬೇಕು ಎಂದು ನಾಲ್ಕು ದಿನ ಹಗಲೆಲ್ಲ ಲೆಕ್ಕ ಹಾಕಿದೆ. ಎವೆಲಿಯೊನನ್ನೂ ಕೇಳಿದೆ. "ನಾನು ಇಪ್ಪತ್ತೊಂಬತ್ತು ದಿನ ಆ ಅಟ್ಟದಲ್ಲಿ ಇಲಿ ಜೊತೆ ಮಲಗಿದೀನಿ. ನೀನು ಕರೆದ ಮೇಲೇ ಕೆಳಗಿಳಿದಿದ್ದು. ನನ್ನನ್ನ ಯಾಕೆ ಕೇಳ್ತೀಯ?" ಎಂದ. ಅವನ ಮುಖ ನೋಡಿ ನನಗೆ ನಾಚಿಕೆಯಾಯಿತು.

ನಿಮ್ಮ ಪೆಟ್ಟಿಗೆ ತರಲು ಚರ್ಚಿಗೆ ಹೋದೆ. ನೀವು ಹೇಳಿದಂತೆ ಹಗ್ಗವನ್ನೂ ತೆಗೆದುಕೊಂಡು ಹೋಗಿದ್ದೆ. ಎತ್ತಿದರೆ ತಳ ನೆಲದಲ್ಲೇ ಉಳಿಯಿತು. ಗೆದ್ದಲು ತಿಂದು ಹಾಕಿತ್ತು. ಒಳಗಿದ್ದದ್ದೆಲ್ಲ ಕಾಲಮೇಲೆ ಸುರಿಯಿತು.

ನಿಮ್ಮ ಕಾರ್ಡುಗಳು. ಧೂಳು ಒರೆಸಿ ತಿಂಗಳ ಪ್ರಕಾರ ಜೋಡಿಸಲು ಕೂತೆ, ನಿಮಗೆ ಅಚ್ಚುಕಟ್ಟು ಇಷ್ಟವೆಂದು. ಐದು ಕೆಂಪು, ಐದು ಹಸಿರು, ಏಳು ಬಿಳಿ, ಮಿಕ್ಕಿದ್ದೆಲ್ಲ ಹಸಿರು. ಮುಂದಿನದೂ ಹಾಗೇ. ಅದರ ಮುಂದಿನದೂ ಹಾಗೇ. ನಿಮಗೆ ಚಳಿಜ್ವರ ಬಂದ ತಿಂಗಳೂ ಹಾಗೇ. ಎಷ್ಟು ಶಿಸ್ತಿನ ದೇಹ ಅಂದುಕೊಂಡೆ ನಾನು, ದಡ್ಡಿ. ಆಮೇಲೆ ಫೆಬ್ರವರಿ 1979ರ ಕಾರ್ಡು ಸಿಕ್ಕಿತು. ಆಮೇಲೆ ಮಾರ್ಚ್, ಏಪ್ರಿಲ್, ಮೇ, ಜೂನ್. ಎಲ್ಲದರಲ್ಲೂ ಕೊನೆಯ ದಿನದವರೆಗೆ ಚೀಟಿ. ಎಲ್ಲದರ ಕೆಳಗೂ ನಿಮ್ಮ ಸಹಿ, ಪಕ್ಕದಲ್ಲಿ ಎರ್ನಾಂದೊ ಅವರ ಸಹಿ.

ನೀವು ಊರು ಬಿಟ್ಟದ್ದು ಜನವರಿ ಹತ್ತಕ್ಕೆ. ಪೆಟ್ಟಿಗೆ ಅಂದಿನಿಂದ ಇಲ್ಲೇ ಇದೆ.

ಇನ್ನೂ ಬಾರದ ದಿನ ಒಣಗಿರುತ್ತದೋ ತೇವವಿರುತ್ತದೋ ಎಂದು ನಿಮಗೆ ಯಾರು ಹೇಳಿದರು? ಇದಕ್ಕೆ ಏನೋ ಒಂದು ಕಾರಣ ಇದ್ದೇ ಇರುತ್ತದೆ, ನೀವು ಹೇಳಿದರೆ ನಾನು ನಂಬುತ್ತೇನೆ. ನಂಬುವ ಆಸೆ ನನಗಿನ್ನೂ ಇದೆ. ಬೇಗ ಬರೆಯಿರಿ.

ರೊಸಲ್ಬಾ


ಸಾಂತಾ ಬೆನೀತಾ
17 ಸೆಪ್ಟೆಂಬರ್ 1979

ಪ್ರೀತಿಯ ಕೊಮಾದ್ರೆ,

ಇದನ್ನು ಓದಿ ಒಲೆಗೆ ಹಾಕಿ. ಆ ಕಾರ್ಡುಗಳನ್ನೂ.

ಎರಡನೆಯ ಮಗಳು ಹುಟ್ಟಿದ ಮೇಲೆ, 1971ರಲ್ಲಿ, ಬೊಗೊತಾದಲ್ಲಿ ನನ್ನ ಅಕ್ಕನ ಮನೆಗೆ ಹೋಗಿದ್ದಾಗ ವಂಕಿ ಹಾಕಿಸಿಕೊಂಡೆ. ಎರ್ನಾಂದೊ ನಿಮ್ಮ ಎವೆಲಿಯೊ ಅಲ್ಲ. ನೀವು ಅವನ ಟೈ, ಕನ್ನಡಕ ಮಾತ್ರ ನೋಡಿದ್ದೀರಿ. ಒಂದು ದಿನ ಬೇಡವೆಂದರೆ ಮೂರು ದಿನ ಮಾತಾಡದ ಮನುಷ್ಯ. ನನಗೂ ಮೂರನೆಯದರ ಭಯವಿತ್ತು. ಆಮೇಲೆ ಎರಡು ವರ್ಷಕ್ಕೆ ಫಾದರ್ ತೊಬಿಯಾಸ್ ಬಂದರು. ಎರಡೇ ಮಕ್ಕಳಿರುವ, ಪ್ರತಿ ಭಾನುವಾರ ಪರಮಪ್ರಸಾದ ತೆಗೆದುಕೊಳ್ಳುವ ದಂಪತಿ ನಾವು. ನೀವೇ ಕಲಿಸಬೇಕು ಎಂದರು. ಆಗ ಹೇಗೆ ಹೇಳಲಿ? ಎರ್ನಾಂದೊನ ಕೆಲಸ ಅವರ ಕೈಯಲ್ಲಿತ್ತು. ಇವತ್ತು ತೆಗೆಸುತ್ತೇನೆ, ನಾಳೆ ತೆಗೆಸುತ್ತೇನೆ ಎನ್ನುತ್ತಾ ಎಂಟು ವರ್ಷವಾಯಿತು. ಫಾದರ್ ತಿಂಗಳು ತಿಂಗಳು ಮಾದರಿ ಕಾರ್ಡು ಕೇಳುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಕೂತು ಆರು ತಿಂಗಳದ್ದನ್ನೂ ಅಂಟಿಸಿಬಿಟ್ಟೆ. ಹೊರಡುವ ಗಡಿಬಿಡಿಯಲ್ಲಿ ಅಲ್ಲೇ ಉಳಿದವು.

ಆದರೆ ನಾನು ಕಲಿಸಿದ್ದು ಸುಳ್ಳಲ್ಲ. ಅದನ್ನು ನಾನು ಈಗಲೂ ನಂಬುತ್ತೇನೆ. ನನ್ನಿಂದಾಗದ್ದು ನಿಮ್ಮಿಂದಾಗಲಿ ಎನ್ನುವ ಆಸೆಯಿತ್ತು. ನಿಮ್ಮ ಕಾರ್ಡು ನೋಡಿದಾಗಲೆಲ್ಲ ನನ್ನ ಪಾಪ ಸ್ವಲ್ಪ ತೊಳೆದಂತೆ ಅನಿಸುತ್ತಿತ್ತು.

ಫಾದರ್‌ಗೆ ತಿಳಿದರೆ ಎರ್ನಾಂದೊ ಬೀದಿಗೆ ಬೀಳುತ್ತಾನೆ, ಕೈಪಿಡಿ ನಿಂತುಹೋಗುತ್ತದೆ. ನಿಮ್ಮ ಕಾಲು ಹಿಡಿಯುತ್ತೇನೆ. ಜನವರಿಯಲ್ಲಿ ನಮ್ಮ ಮನೆಗೆ ಬನ್ನಿ. ದೊಡ್ಡಾಸ್ಪತ್ರೆ ಇಲ್ಲಿಂದ ನಾಲ್ಕೇ ಬೀದಿ. ನಾನೇ ಪಕ್ಕದಲ್ಲಿದ್ದು ನೋಡಿಕೊಳ್ಳುತ್ತೇನೆ.

ನಿಮ್ಮ ಅಂಪಾರೊ


ಲಾ ಪಲ್ಮಿತಾ
8 ಅಕ್ಟೋಬರ್ 1979

ಸೆನ್ಯೋರಾ ಅಂಪಾರೊ,

ಕಾರ್ಡುಗಳನ್ನು ಸುಟ್ಟೆ. ಫಾದರ್‌ಗೆ ಹೇಳಿಲ್ಲ, ಹೇಳುವುದೂ ಇಲ್ಲ. ಕೊಮಾದ್ರೆಯರು ಒಬ್ಬರನ್ನೊಬ್ಬರು ಊರೆದುರು ದೂರುವುದು ನಮ್ಮಲ್ಲಿ ಹೆತ್ತ ತಾಯಿಯ ಮೇಲೆ ಕೈಯೆತ್ತಿದಷ್ಟೇ ಪಾಪ. ನೀವು ಅದನ್ನು ಬಲ್ಲಿರಿ, ಅದಕ್ಕೇ ನನಗೆ ಧೈರ್ಯವಾಗಿ ಎಲ್ಲ ಬರೆದಿರಿ.

ತರಗತಿಗೆ ಕೊನೆಯ ಸಲ ಹೋದೆ. ನನ್ನ ಕಾರ್ಡು ನನ್ನ ಕೈಬಿಟ್ಟಿತು, ಇಷ್ಟವಿದ್ದವರು ಮುಂದುವರಿಸಿ, ಭಯವಿದ್ದವರು ಫಾನಿಯ ಹತ್ತಿರ ಹೋಗಿ ಎಂದೆ. ನಿಮ್ಮ ಹೆಸರೆತ್ತಲಿಲ್ಲ. ಏಳು ಜನ ಹೋದರು. ಕುಸ್ತೋದಿಯಾ ಬಿಡುವುದಿಲ್ಲವಂತೆ. "ಗಂಡನ್ನ ದೂರ ಇಡಕ್ಕೆ ಇಪ್ಪತ್ತು ವರ್ಷದಿಂದ ಒಂದು ನೆವ ಹುಡುಕ್ತಿದ್ದೆ, ಈಗ ಸಿಕ್ಕಿದೆ" ಎನ್ನುತ್ತಾಳೆ. ಹೊಸದಾಗಿ ಮದುವೆಯಾದ ಜೋಡಿಯೊಂದಿದೆ, ಅವರು ಒಂದೇ ಕಾರ್ಡಿನ ಮುಂದೆ ಇಬ್ಬರೂ ಕೂತು ನಗುತ್ತಾ ಅಂಟಿಸುತ್ತಾರೆ. ಅವರನ್ನು ಕಂಡರೆ ನೀವು ಕಲಿಸಿದ್ದು ನಿಜವೇ ಇರಬೇಕು ಎಂದು ನನಗೂ ಅನ್ನಿಸುತ್ತದೆ. ಅದು ಇನ್ನೂ ಹೆಚ್ಚು ನೋಯಿಸುತ್ತದೆ.

ನೀವು ವಂಕಿ ಹಾಕಿಸಿಕೊಂಡಿರೆಂದು ನನಗೆ ಸಿಟ್ಟಿಲ್ಲ. ಯಾನೆತ್ ಹುಟ್ಟಿದ ವಾರ ನನ್ನ ಅಡುಗೆಮನೆಯಲ್ಲಿ ಕೂತು, ನನಗೆ ಸಾರು ಕುಡಿಸುತ್ತಾ, ಫಾನಿಯ ಮಾತು ಕೇಳಬೇಡಿ ಎಂದಿರಿ. ಆಗ ಆ ವಂಕಿ ನಿಮ್ಮೊಳಗೆ ಇತ್ತು. ಒಂದೇ ಒಂದು ಮಾತು, ನನ್ನ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು. ನಾನು ಆಮೇಲೂ ಬೇಡವೆನ್ನುತ್ತಿದ್ದೆನೋ ಏನೋ, ಆದರೆ ಅದು ನನ್ನ ತೀರ್ಮಾನವಾಗುತ್ತಿತ್ತು. ಏಪ್ರಿಲ್‌ನಲ್ಲಿ ನಾನು ನಿಮಗೆ ಹೀಗಾಗಿದೆಯೇ ಎಂದು ಕೇಳಿದೆ. ಗೊತ್ತಿಲ್ಲ ಎಂದಿದ್ದರೆ ಎವೆಲಿಯೊ ಇನ್ನೂ ಒಂದು ತಿಂಗಳು ಅಟ್ಟದಲ್ಲಿ ಮಲಗುತ್ತಿದ್ದ. ಸ್ವಂತ ಅನುಭವ ಎಂದು ಬರೆದಿರಿ. ನನ್ನ ಜೀವ ಹೋಗುವ ವಿಷಯದಲ್ಲೂ ನಿಮಗೆ ಟೀಚರಾಗಿಯೇ ಇರಬೇಕಿತ್ತು.

ನಿಮ್ಮ ಮನೆಗೆ ಬರುತ್ತೇನೆ, ಬೇರೆ ದಾರಿ ಇಲ್ಲ. ಜನವರಿ ಎಂಟಕ್ಕೆ ಬಸ್ಸು ಹತ್ತುತ್ತೇನೆ. ಹೆರಿಗೆಯಾದ ಮೇಲೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ. ಅದು ಪಾಪವೆಂದೇ ನಾನು ತಿಳಿದಿದ್ದೇನೆ, ಫಾದರ್ ಎದುರು ಮಂಡಿಯೂರಿ ಹೇಳಿಕೊಳ್ಳುತ್ತೇನೆ.

ನಾನು ಬದುಕದಿದ್ದರೆ ಒಂದು ಕೆಲಸ ನಿಮ್ಮದು. ಯಾನೆತ್‌ಳ ಮದುವೆಗೆ ಮೊದಲು ಅವಳನ್ನು ಎದುರು ಕೂರಿಸಿಕೊಂಡು ನಡೆದದ್ದೆಲ್ಲ ಹೇಳಬೇಕು. ವಂಕಿ, ಕಾರ್ಡು, ಏಪ್ರಿಲ್‌ನ ಆ ಕಾಗದ, ಎಲ್ಲ. ಅವಳು ಏನು ಆರಿಸಿಕೊಂಡರೂ ಕಣ್ಣು ತೆರೆದು ಆರಿಸಿಕೊಳ್ಳಲಿ. ಎವೆಲಿಯೊಗೆ ವಿಷಯ ತಿಳಿಸಿಲ್ಲ, ತಿಳಿಸಿದರೆ ಮಚ್ಚು ಹಿಡಿದು ಬರುತ್ತಾನೆ. ಮಗಳ ಮದುವೆ ಗೊತ್ತಾದಾಗ ಜ್ಞಾನತಾಯಿಗೆ ಬರೆಸು, ನಾನು ಅವರ ಹತ್ತಿರ ಒಂದು ಮಾತು ಬಿಟ್ಟಿದ್ದೇನೆ ಎಂದಷ್ಟೇ ಹೇಳಿದ್ದೇನೆ.

ಮಾತು ಕೊಡುತ್ತೀರಾ?

ರೊಸಲ್ಬಾ


ಸಾಂತಾ ಬೆನೀತಾ
30 ಅಕ್ಟೋಬರ್ 1979

ಕೊಮಾದ್ರೆ,

ಶಿಲುಬೆ ಮುಟ್ಟಿ ಮಾತು ಕೊಡುತ್ತೇನೆ. ಯಾನೆತ್‌ಗೆ ನಾನೇ, ನನ್ನ ಬಾಯಿಂದಲೇ ಹೇಳುತ್ತೇನೆ. ಆದರೆ ಅದರ ಅಗತ್ಯ ಬರುವುದಿಲ್ಲ, ನೀವೇ ಅವಳ ಮದುವೆಯಲ್ಲಿ ಕುಣಿಯುತ್ತೀರಿ.

ಬೀದಿಯ ಕಡೆಯ ಕೋಣೆ ನಿಮಗೆ. ಹೊಸ ಹಾಸಿಗೆ ಹೊಲಿಸಿದ್ದೇನೆ. ಎಂಟನೆಯ ತಾರೀಕು ಬಸ್‌ನಿಲ್ದಾಣದಲ್ಲಿ ನಾನೇ ನಿಂತಿರುತ್ತೇನೆ.

ಅಂಪಾರೊ


ಸಾಂತಾ ಬೆನೀತಾ
3 ಜನವರಿ 1980

ಪ್ರೀತಿಯ ಕೊಮಾದ್ರೆ,

ಹೊಸ ವರ್ಷದ ಶುಭಾಶಯ. ಈ ಕಾಗದ ನೀವು ಹೊರಡುವ ಮೊದಲೇ ತಲುಪಲೆಂದು ಡ್ರೈವರ್ ಕೈಗೆ ಕೊಟ್ಟಿದ್ದೇನೆ.

ಒಂದು ಸಣ್ಣ ತೊಡಕಾಗಿದೆ. ಕೈಪಿಡಿಯ ಕೆಲಸಕ್ಕೆ ಧರ್ಮಾಧ್ಯಕ್ಷರ ಕಚೇರಿಯಿಂದ ಒಬ್ಬರು ಪಾದ್ರಿ, ಇಬ್ಬರು ಸಿಸ್ಟರ್‌ಗಳು ಬರುತ್ತಿದ್ದಾರೆ. ಏಳರಿಂದ ಇಪ್ಪತ್ತರವರೆಗೆ ನಮ್ಮ ಮನೆಯಲ್ಲೇ ಉಳಿಯುತ್ತಾರೆ, ಬೀದಿಯ ಕಡೆಯ ಕೋಣೆ ಅವರಿಗೇ ಕೊಡಬೇಕಾಗಿದೆ. ಅವರೆದುರು ನೀವು ತುಂಬಿದ ಹೊಟ್ಟೆಯಲ್ಲಿ ಬಂದು ನಿಂತರೆ, ಯಾರು, ಎಲ್ಲಿ ಕಲಿತರು, ಏನು ತಪ್ಪಾಯಿತು ಎಂದೆಲ್ಲ ಕೇಳುತ್ತಾರೆ. ನಿಮಗೂ ಮುಜುಗರ, ನನಗೂ. ನಿಮ್ಮ ಹೆರಿಗೆಗಳೆಲ್ಲ ದಿನ ಮೀರಿಯೇ ಆದದ್ದಲ್ಲವೇ? ಇಪ್ಪತ್ತೊಂದಕ್ಕೆ ಬನ್ನಿ. ಅಲ್ಲಿಯವರೆಗೆ ಭಾರ ಎತ್ತಬೇಡಿ, ಕಾಲು ಮೇಲಿಟ್ಟುಕೊಂಡು ಮಲಗಿರಿ.

ಎರಡು ವಾರದ ಮಾತು, ಅಷ್ಟೇ.

ನಿಮ್ಮ
ಅಂಪಾರೊ


ಸಾಂತಾ ಬೆನೀತಾ
6 ಜೂನ್ 1996

ಮುದ್ದಿನ ಮಗಳೇ ಯಾನೆತ್,

ನಿನ್ನ ಮದುವೆಯ ಸುದ್ದಿ ಓದಿ ಈ ಮುದುಕಿಯ ಮನಸ್ಸು ತುಂಬಿಬಂತು. ವಿಲ್ಮರ್ ಒಳ್ಳೆಯ ಹುಡುಗ, ಲಾರಿ ಓಡಿಸಿದರೂ ಕುಡಿಯುವುದಿಲ್ಲ ಎಂದು ಬರೆದಿದ್ದೀಯ, ಅದಕ್ಕಿಂತ ಹೆಚ್ಚೇನು ಬೇಕು? ಮಂಡಿನೋವಿನಿಂದ ನನಗೆ ಅಷ್ಟು ದೂರ ಬರಲಾಗದು. ಎರ್ನಾಂದೊ ತೀರಿಕೊಂಡ ಮೇಲೆ ನಾನು ಚರ್ಚಿಗೆ ಬಿಟ್ಟರೆ ಬೇರೆಲ್ಲೂ ಹೋಗುವುದಿಲ್ಲ. ಮೇಜಿನ ಮೇಲೆ ಹಾಸಲು ಕಸೂತಿಯ ಬಟ್ಟೆಯೊಂದನ್ನು ಕಳಿಸಿದ್ದೇನೆ, ಜೊತೆಗೆ ನಾನು ಬರೆದ ಕೈಪಿಡಿ. ಈಗ ಒಂಬತ್ತನೆಯ ಮುದ್ರಣವಾಗಿದೆ. ಮದುವೆಗೆ ಮೊದಲು ಇಬ್ಬರೂ ಕೂತು ಓದಿ.

ನಿನ್ನಮ್ಮ ಹೋಗಿ ಹದಿನಾರು ವರ್ಷ ಐದು ತಿಂಗಳಾಗುತ್ತಾ ಬಂತು. ಆ ಜನವರಿ ಹದಿನೈದನ್ನು ನಾನು ಒಂದು ವರ್ಷವೂ ಮರೆತಿಲ್ಲ, ಪ್ರತಿ ವರ್ಷ ಅವಳ ಹೆಸರಿನಲ್ಲಿ ಪೂಜೆ ಹೇಳಿಸುತ್ತೇನೆ. ಜೋಲಿಯಲ್ಲಿ ಹೊತ್ತು ತರುವಾಗ ರಸ್ತೆ ಮುಟ್ಟುವ ಮೊದಲೇ ಜೀವ ಹೋಯಿತಂತೆ. ನಿನ್ನ ತಮ್ಮ ಉಳಿದನಲ್ಲ, ಅದು ದೇವರ ದಯೆ. ಅವಳ ಶವಪೆಟ್ಟಿಗೆಯೊಳಗೆ ನನ್ನ ಕಾಗದಗಳನ್ನೂ ಇಟ್ಟು ನಿನ್ನಪ್ಪ ಮಣ್ಣು ಮಾಡಿದ ಎಂದು ಕೇಳಿದ್ದೆ. ಅಷ್ಟು ಪ್ರೀತಿ ನಮ್ಮದು. ಅವಳು ಬರೆದ ಕಾಗದಗಳು ನನ್ನ ಹತ್ತಿರ ಇವೆಯೇ ಎಂದು ಕೇಳಿದ್ದೀಯ. ಇಲ್ಲ ಮಗಳೇ, ಮನೆ ಬದಲಿಸುವಾಗ ಎಲ್ಲೋ ಕಳೆದುಹೋದವು.

ಅಮ್ಮ ನಿಮ್ಮ ಹತ್ತಿರ ನನಗೆಂದು ಒಂದು ಮಾತು ಬಿಟ್ಟಿದ್ದಾಳೆ, ಮದುವೆಗೆ ಮೊದಲು ಕೇಳು ಎಂದು ಪಪ್ಪ ಹೇಳಿದರು, ಏನದು ಎಂದು ಬರೆದಿದ್ದೀಯ. ನಿನ್ನಪ್ಪ ಇಷ್ಟು ವರ್ಷ ಅದನ್ನು ನೆನಪಿಟ್ಟುಕೊಂಡದ್ದು ದೊಡ್ಡದು. ಗಂಡನಿಗೆ ಎದುರಾಡಬೇಡ, ಭಾನುವಾರದ ಪೂಜೆ ತಪ್ಪಿಸಬೇಡ, ಮಕ್ಕಳ ವಿಷಯವನ್ನು ದೇವರಿಗೆ ಬಿಡು. ಇದನ್ನೇ ನಿನಗೆ ಹೇಳಬೇಕೆಂದಿದ್ದಳು. ಬೇರೇನೂ ಇರಲಿಲ್ಲ. ಇದ್ದಿದ್ದರೆ ನಿನ್ನಿಂದ ಮುಚ್ಚಿಡುತ್ತಿದ್ದೆನೇ?

ನಿನ್ನ ಜ್ಞಾನತಾಯಿ
ಅಂಪಾರೊ